ಹೊಟ್ಟೆ ಮುಚ್ಚದ ಕೌದಿ

ಹೋದ ವರ್ಷ ದಸರಾ ಮುಗಿದ ಮರುದಿನ ನಮ್ಮ ಶಿಕಾರಿಪುರದ ಮನೆಯ ಬೀರು ತೆಗೆದು ಕೆಳಗಿನ ಅರೆಯಲ್ಲಿದ್ದುದನ್ನೆಲ್ಲ ಮಂಚದ ಮೇಲೆ ಸುರಿದೆ. ಹನ್ನೊಂದು ಕೆಲಸಗಳು ಮುಗಿಯದೆ ಬಿದ್ದಿದ್ದವು. ಅರ್ಧಕ್ಕೆ ನಿಂತಿದ್ದವು ಎಂದು ಬರೆದರೆ ತಪ್ಪಾಗುತ್ತದೆ. ಎಲ್ಲವೂ ಮುಕ್ಕಾಲಿಗಿಂತ ಹೆಚ್ಚು ಮುಗಿದು, ಕೊನೆಯ ಒಂದು ಗೇಣಿನಲ್ಲಿ ನಿಂತಿದ್ದವು. ದಿಂಬಿನ ಚೀಲಗಳಿಗೆ ಗುಂಡಿ ಹಚ್ಚಿತ್ತು, ಕಾಜಾ ಇರಲಿಲ್ಲ. ಹಳೆಯ ಹಸಿರು ಸೀರೆಯಿಂದ ಮಾಡಿದ ಕಿಟಕಿ ಪರದೆಯ ಕೆಳಗಿನ ಅಂಚು ಮಡಚಿರಲಿಲ್ಲ, ನೂಲು ಜೋತಾಡುತ್ತಿತ್ತು. ಲಂಗದ ಬಟ್ಟೆಯನ್ನು ಜಡೆ ಹೆಣೆದು ಸುತ್ತಿದ ಕಾಲೊರಸಿನ ಕೊನೆಯ ಸುತ್ತು ಹೊಲಿಯದೆ ಬಾಲದಂತೆ ಹೊರಗೆ ಚಾಚಿತ್ತು. ನನ್ನ ಗಂಡನ ಬೂದು ಸ್ವೆಟರಿಗೆ ಎಡದ ತೋಳು ಇತ್ತು, ಬಲದ ತೋಳು ಮೊಣಕೈವರೆಗೆ ಬಂದು ಕಡ್ಡಿಯ ಮೇಲೆ ಮಲಗಿತ್ತು. ಆ ಸ್ವೆಟರಿನ ಉಣ್ಣೆ ಮೊದಲು, ಈಗ ದೂರದ ಊರಿನಲ್ಲಿ ಓದುತ್ತಿರುವ ನನ್ನ ಮಗಳ ಶಾಲೆಯ ಸ್ವೆಟರಾಗಿತ್ತು. ಅದಕ್ಕೂ ಮೊದಲು ಇನ್ನೇನೋ ಆಗಿತ್ತಂತೆ. ಅದಕ್ಕೆ ನನ್ನ ಬಳಿ ಆಧಾರವಿಲ್ಲ.

ನಾನು ಜಿಲ್ಲಾ ಪತ್ರಿಕೆಯೊಂದಕ್ಕೆ ಈ ತಾಲ್ಲೂಕಿನ ಸುದ್ದಿ ಕಳಿಸುವವಳು. ಸಂಜೆ ಆರರೊಳಗೆ ಮುಗಿಯದ ಸುದ್ದಿ ಮರುದಿನಕ್ಕೆ ಹಳತು. ಇಪ್ಪತ್ತೈದು ವರ್ಷ ಹೀಗೆ ಬದುಕಿದವಳಿಗೆ ಆ ಅರೆಯನ್ನು ನೋಡಿದಾಗಲೆಲ್ಲ ಹಲ್ಲು ಕಚ್ಚಿಕೊಳ್ಳುವಂತಾಗುತ್ತಿತ್ತು.

ಈ ಹನ್ನೊಂದನ್ನೂ ಶುರು ಮಾಡಿದವರು ನನ್ನ ಅತ್ತೆ. ಅವರಿಗೆ ಎಂಬತ್ತು ಹತ್ತಿರವಾಗಿದೆ, ಕಣ್ಣು ಚೆನ್ನಾಗಿದೆ, ಕೈ ಇನ್ನೂ ಚೆನ್ನಾಗಿದೆ. ಮುಗಿಸಲು ಬರದವರಲ್ಲ. ಈ ಮನೆಯ ಹೊಲಿಗೆಗೆ ಮೊದಲಿನಿಂದ ಒಂದು ಪದ್ಧತಿ ಇತ್ತು: ಅವ್ವ ಶುರು ಮಾಡುವುದು, ಮಗಳು ಮುಗಿಸುವುದು. ಹಳೆ ಬಟ್ಟೆಯನ್ನು ಆಯುವುದು, ಕತ್ತರಿಸುವುದು, ಜೋಡಿಸುವುದು, ಬಿಚ್ಚಿದ ಉಣ್ಣೆಯನ್ನು ಬಿಸಿನೀರಿನ ಹಬೆಗೆ ಹಿಡಿದು ಸುಕ್ಕು ಬಿಡಿಸಿ ಮತ್ತೆ ಹೆಣೆಯುವುದು ಅತ್ತೆಯ ಕೆಲಸ. ಕಾಜಾ, ಅಂಚು, ಕೊನೆಯ ಗಂಟು, ದಾರದ ತುದಿಯನ್ನು ಕಾಣದಂತೆ ಒಳಗೆ ಸೇರಿಸುವುದು ಮಗಳ ಕೆಲಸ. ನನ್ನ ನಾದಿನಿ ಮದುವೆಯಾಗಿ ಸೊರಬಕ್ಕೆ ಹೋದ ಮೇಲೂ ಪದ್ಧತಿ ತಪ್ಪಲಿಲ್ಲ. ತಿಂಗಳಿಗೊಮ್ಮೆ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಬರುತ್ತಿದ್ದಳು, ಎರಡು ದಿನ ಇರುತ್ತಿದ್ದಳು, ಅರೆ ಖಾಲಿ ಮಾಡಿ ಹೋಗುತ್ತಿದ್ದಳು. ನಾನು ಸೊರಬದ ಕಡೆಯಿಂದ ಈ ಮನೆಗೆ ಬಂದವಳು. ನಮ್ಮ ತವರಿನಲ್ಲಿ ಹರಿದದ್ದನ್ನು ದರ್ಜಿಗೆ ಕೊಡುತ್ತಿದ್ದರು. ಹಾಗಾಗಿ ಈ ಪದ್ಧತಿಯಲ್ಲಿ ನನಗೆ ಜಾಗ ಇರಲಿಲ್ಲ, ನಾನು ಕೇಳಲೂ ಇಲ್ಲ.

ಆ ದಸರೆಗೆ ನಾದಿನಿ ಬರದೆ ಮೂರು ವರ್ಷವಾಗಿತ್ತು. ಕಾರಣದಲ್ಲಿ ನಾನೂ ಒಬ್ಬಳಾದ್ದರಿಂದ ಆದದ್ದನ್ನು ಆದಷ್ಟು ನೇರವಾಗಿ ಹೇಳುತ್ತೇನೆ.

ಅತ್ತೆ ಮದುವೆಯಾಗಿ ತೊಗರ್ಸಿಯಿಂದ ಬರುವಾಗ ಅವರೊಂದಿಗೆ ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ ಬಂತು. ನಡುಕೋಣೆಯ ಕಿಟಕಿಯ ಕೆಳಗೆ ಅದರ ಜಾಗ. ನಾದಿನಿ ಅದರ ಮುಂದೆ ಕೂತೇ ಬೆಳೆದವಳು. ಪತ್ರಿಕೆಯವರು ಇಲ್ಲಿನ ಕಚೇರಿ ಮುಚ್ಚಿ, ಇನ್ನು ಮೇಲೆ ಮನೆಯಿಂದಲೇ ಸುದ್ದಿ ಕಳಿಸಿ ಎಂದಾಗ ನನಗೆ ಒಂದು ಮೇಜು ಬೇಕಾಯಿತು. ನನ್ನ ಗಂಡ ಕಾಲೇಜಿನಲ್ಲಿ ಲೆಕ್ಕ ಹೇಳುವವರು, ಇದ್ದುದರಲ್ಲೇ ಉತ್ತರ ಹುಡುಕುವವರು. ಮಿಷನ್ನಿನ ತಲೆಯನ್ನು ಕಳಚಿ, ಹಳೆ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ, ಕಬ್ಬಿಣದ ಕಾಲುಗಳ ಮೇಲೆ ಪ್ಲೈವುಡ್ ಹಲಗೆ ಬಿಗಿಸಿದರು. ಮೇಜು ಚೆನ್ನಾಗಿಯೇ ಆಯಿತು. ಬೆಳಕು ಎಡದಿಂದ ಬರುತ್ತಿತ್ತು. ಬರೆಯುತ್ತಾ ಪೆಡಲಿನ ಮೇಲೆ ಕಾಲಾಡಿಸುವುದೂ ನನಗೆ ರೂಢಿಯಾಯಿತು. ಅತ್ತೆಯನ್ನು ಕೇಳಿದ್ದೆವು. ಅವರು "ಮಾಡ್ಕೊಳ್ರಿ" ಎಂದಿದ್ದರು. ನಾದಿನಿಯನ್ನು ಕೇಳಿರಲಿಲ್ಲ.

ಅವಳು ಬಂದ ದಿನ ನಾನು ಪುರಸಭೆಯ ನೀರಿನ ಸುದ್ದಿ ಬರೆಯುತ್ತಿದ್ದೆ. ಬಾಗಿಲಲ್ಲಿ ಚೀಲ ಹಿಡಿದು ನಿಂತವಳು ಮೇಜನ್ನು ನೋಡಿದಳು, ನನ್ನನ್ನು ನೋಡಿದಳು.

"ಓಹೋ. ನನ್ನ ಮಿಷನ್ ಮೇಲೆ ಕೂತು ಪೇಪರ್ ಬರೀತಾರಪ್ಪ ಅತ್ತಿಗೇರು. ಏಳಬ್ಯಾಡ್ರಿ, ಬರೀರಿ. ಊರಿನ ಸುದ್ದಿ ದೊಡ್ಡದು."

ಚಹಾ ಕುದಿಯುತ್ತಿತ್ತು. ಕುಡಿಯದೆ ಚಪ್ಪಲಿ ಮೆಟ್ಟಿಕೊಂಡು ಹೋದಳು. ಅತ್ತೆ ಹಿತ್ತಲಿನಿಂದ ಬರುವಷ್ಟರಲ್ಲಿ ಬೀದಿ ತಿರುಗಿ ಆಗಿತ್ತು.

ಅಂದಿನಿಂದ ಅರೆ ತುಂಬುತ್ತಾ ಹೋಯಿತು. ಅತ್ತೆ ಒಂದು ದಿನವೂ ಮಗಳ ಹೆಸರೆತ್ತಲಿಲ್ಲ, ನನ್ನನ್ನು ದೂರಲಿಲ್ಲ. ಶುರು ಮಾಡಿ, ಕೊನೆಯ ಗೇಣಿಗೆ ತಂದು, ಮಡಚಿಟ್ಟು, ಇನ್ನೊಂದು ಶುರು ಮಾಡುತ್ತಿದ್ದರು. ಅವರಿಗೆ ಬೇಕಾದದ್ದು ಮಗಳು ಹೊಸ್ತಿಲು ದಾಟಿ ಬಂದು ಆ ಜಾಗದಲ್ಲಿ ಕೂರುವುದು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಕೆಲಸ ಮುಗಿದುಬಿಟ್ಟರೆ ಬಯಕೆಯೂ ಮುಗಿದೀತು ಎಂದುಕೊಂಡದ್ದು ನನ್ನ ತಪ್ಪು.

ದೀಪಾವಳಿಗೆ ಮುಂಚೆ ಹನ್ನೊಂದನ್ನೂ ನಾನೇ ಮುಗಿಸುತ್ತೇನೆಂದು ಗಡುವು ಹಾಕಿಕೊಂಡೆ. ಫೋನಿನಲ್ಲಿ ಕಾಜಾ ಹೊಲಿಯುವ ವಿಡಿಯೋ ನೋಡಿ ಕಲಿತೆ. ಎರಡು ಸಂಜೆ ಕೂತು ದಿಂಬಿನ ಚೀಲಗಳಿಗೆ ಕಾಜಾ ಮಾಡಿದೆ. ನೋಡಲು ಉಬ್ಬುಹಲ್ಲಿನ ಹುಡುಗಿಯ ನಗುವಿನಂತಿದ್ದರೂ ಗುಂಡಿ ಹೋಗುತ್ತಿತ್ತು. ದಿಂಬಿಗೆ ಹಾಕಿ ಅತ್ತೆಯ ಮಂಚದ ಮೇಲಿಟ್ಟೆ.

ಮರುದಿನ ಸಭೆಯೊಂದನ್ನು ಮುಗಿಸಿ ಮಧ್ಯಾಹ್ನ ಬಂದರೆ ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಬ್ಲೇಡಿನ ತುದಿಯಿಂದ ನನ್ನ ಕಾಜಾ ಒಂದೊಂದಾಗಿ ಬಿಚ್ಚುತ್ತಿದ್ದರು. ಪಕ್ಕದಲ್ಲಿ ಬಿಚ್ಚಿದ ದಾರವನ್ನು ಕಾಗದದ ತುಂಡಿಗೆ ಸುತ್ತಿಟ್ಟಿದ್ದರು. ಅವರು ದಾರವನ್ನೂ ಎಸೆಯುವವರಲ್ಲ.

"ಅತ್ತೆ, ಯಾಕೆ ಬಿಚ್ತಿದೀರಿ?"

"ಸಡ್ಲ ಆಗೇತಿ."

"ಗುಂಡಿ ಹೋಗ್ತದಲ್ಲ."

"ಹೋಗ್ತೈತಿ. ಬರ್ತೈತಿ. ಗುಂಡಿ ಅಂದ್ರ ಹೋದ್ರ ಕೂತ್ಕೋಬೇಕು, ತವರಿಗೆ ಬಂದೋರಂಗ ಓಡಾಡಬಾರ್ದು."

"ಸರಿ ಮಾಡಿಕೊಡ್ತೀನಿ, ತೋರಿಸಿ."

"ನಿನಗ್ಯಾಕವ್ವ ಇಲ್ಲದ ಉಸಾಬರಿ. ನೀ ಪೇಪರ್ ಬರಿ."

ಪರದೆಯ ಅಂಚಿಗೂ ಅದೇ ಗತಿಯಾಯಿತು. ನಾನು ಹೊಲಿದು ತೂಗಿಹಾಕಿದ್ದನ್ನು ಇಳಿಸಿ ಬಿಚ್ಚಿದರು. ಕಾರಣ, ಅಂಚು ನೇರ ಇಲ್ಲ. ಸ್ಕೇಲು ಇಟ್ಟು ಅಳೆದೆ, ನೇರವಾಗಿಯೇ ಇತ್ತು. "ಸ್ಕೇಲು ಸೊಟ್ಟ ಇರಬೌದು" ಎಂದರು. ಸಾಕ್ಷಿಗೆ ಗಂಡನನ್ನು ಕರೆದೆ. ಅವರು ಪರದೆ ನೋಡಿದರು, ಅವ್ವನನ್ನು ನೋಡಿದರು.

"ಎರಡೂ ಕಡೆ ಸ್ವಲ್ಪ ಸ್ವಲ್ಪ ಸರಿ ಐತೆ."

"ಸ್ಕೇಲಿಗೆ ಎರಡು ಕಡೆ ಇರಲ್ಲ ರೀ. ನೀವು ಲೆಕ್ಕದ ಮೇಷ್ಟ್ರು."

"ಮನೆಯಾಗೆ ಲೆಕ್ಕ ಬರಲ್ಲ ನಂಗೆ" ಎಂದು ಸ್ಕೂಟರಿನ ಕೀಲಿ ತೆಗೆದುಕೊಂಡರು.

ನಾನು ಕೊನೆಯ ಸುತ್ತು ಹೊಲಿದು ಬಾಗಿಲಲ್ಲಿ ಹಾಕಿದ ಕಾಲೊರಸನ್ನು ಮಾತ್ರ ಅತ್ತೆ ಬಿಚ್ಚಲಿಲ್ಲ. ಅದರ ಮೇಲೆ ಕಾಲೂ ಇಡಲಿಲ್ಲ. ಹತ್ತು ದಿನ ಅದನ್ನು ದಾಟಿಕೊಂಡು ಓಡಾಡಿದರು. ಹನ್ನೊಂದನೆಯ ದಿನ ನಾನೇ ಬಿಚ್ಚಿ ಅರೆಗೆ ಹಾಕಿದೆ. ಬಿದ್ದುಗಿದ್ದಾರು ಎಂಬ ಹೆದರಿಕೆ.

ಉಳಿದದ್ದೆಲ್ಲ ಒಂದು ತೂಕ, ಕೌದಿ ಒಂದು ತೂಕ. ಹಳೆ ಸೀರೆ, ಪಂಚೆ, ತೂತುಬಿದ್ದ ದುಪ್ಪಟಿಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಹಿಡಿದು ಒಳಕ್ಕೆ ಸುತ್ತು ಸುತ್ತಾಗಿ ದೊಡ್ಡ ಹೊಲಿಗೆ ಹಾಕಿ ಮಾಡುವ ಹೊದಿಕೆ ಅದು. ಸುತ್ತುತ್ತಾ ಬಂದು ನಡುವೆ ಅಂಗೈ ಅಗಲದಷ್ಟು ಜಾಗ ಬಿಡುತ್ತಾರೆ. ಅದು ಕೌದಿಯ ಹೊಟ್ಟೆ. ಹಸಿದ ಕೌದಿ ಹೊದ್ದವರನ್ನು ಮಲಗಗೊಡುವುದಿಲ್ಲ ಎಂದು ನಂಬಿಕೆ. ಆದ್ದರಿಂದ ಹೊಟ್ಟೆಗೆ ಒಂದು ಚೂರು ಜೋಳದ ರೊಟ್ಟಿ ಇಟ್ಟು ಆಮೇಲೆ ಮುಚ್ಚಬೇಕು. ಇಡುವವಳು ಆ ಮನೆಯ ಮಗಳಾಗಿರಬೇಕು, ಇಡುವುದು ಆ ಮನೆಯಲ್ಲೇ ಆಗಬೇಕು. ನಮ್ಮ ಮನೆಯಲ್ಲಿ ಇದು ಇಷ್ಟು ಕಟ್ಟುನಿಟ್ಟು. ಅಕ್ಕಪಕ್ಕದ ಮನೆಗಳ ಬಗ್ಗೆ ನಾನು ವಿಚಾರಿಸಿಲ್ಲ.

ಈ ಕೌದಿ ಅತ್ತೆ ತಮಗಾಗಿ ಮಾಡಿಕೊಂಡದ್ದು. ಅವರ ಧಾರೆಸೀರೆಯ ಉಳಿದ ಸೆರಗು ಅದರಲ್ಲಿತ್ತು, ಮಾವನವರ ಪಂಚೆ ಇತ್ತು, ನಾದಿನಿಯ ಶಾಲೆಯ ನೀಲಿ ಲಂಗ ಇತ್ತು. ಅರೆಯಲ್ಲಿ ಹಿಡಿಸದೆ ಅದು ಎರಡು ಚಳಿಗಾಲ ಹೊಟ್ಟೆ ತೆರೆದುಕೊಂಡೇ ಟ್ರಂಕಿನ ಮೇಲೆ ಬಿದ್ದಿತ್ತು. ಅತ್ತೆ ಎರಡು ಚಳಿಗಾಲವೂ ತೆಳ್ಳನೆ ಚಾದರ ಹೊದ್ದು, ಮೊಣಕಾಲು ಎದೆಗೆ ಕಟ್ಟಿಕೊಂಡು ಮಲಗಿದರು. ನಾನು ಅಂಗಡಿಯಿಂದ ದಪ್ಪ ರಗ್ಗು ತಂದುಕೊಟ್ಟರೆ ಬೆಕ್ಕಿಗೆ ಹಾಸಿದರು. ನಾವು ಬೆಕ್ಕು ಸಾಕಿಲ್ಲ. ಅದು ಪಕ್ಕದ ಮನೆಯದು, ಆ ರಗ್ಗಿಗಾಗಿ ಬರಲು ಶುರು ಮಾಡಿತು.

ಅವರು ಹೀಗೆ ಇನ್ನೊಂದು ಚಳಿಗಾಲ ಕಳೆಯುವುದನ್ನು ನೋಡುವ ತಾಳ್ಮೆ ನನ್ನಲ್ಲಿರಲಿಲ್ಲ. ಅವರು ಪಕ್ಕದ ಬೀದಿಯ ಮದುವೆಗೆ ಹೋದ ದಿನ ಕೌದಿ ಹರಡಿಕೊಂಡು ಕೂತೆ. ಮನೆಯಲ್ಲಿ ರೊಟ್ಟಿ ಇರಲಿಲ್ಲ. ಅಲ್ಲದೆ ರೊಟ್ಟಿ ಬೂಷ್ಟು ಹಿಡಿಯುತ್ತದೆ ಎಂದು ನನಗೆ ನಾನೇ ವಾದಿಸಿಕೊಂಡೆ. ನಮ್ಮ ಕಡೆ ಶುಭಕ್ಕೆ ಅಕ್ಕಿ ಬೆಲ್ಲ. ಒಂದು ಚಿಟಿಕೆ ಅಕ್ಕಿ, ಒಂದು ಚೂರು ಬೆಲ್ಲ ಇಟ್ಟು, ಅತ್ತೆಯ ಹೊಲಿಗೆಯ ಅಳತೆಗೇ ಹೊಲಿಗೆ ಹಾಕಿ ಹೊಟ್ಟೆ ಮುಚ್ಚಿದೆ. ಎಲ್ಲಿ ಅವರದು ಮುಗಿದು ನನ್ನದು ಶುರುವಾಗಿದೆ ಎಂದು ನನಗೇ ತಿಳಿಯದಷ್ಟು ಚೆನ್ನಾಗಿ ಬಂತು. ಮಡಚಿ ಮೊದಲಿನಂತೆ ಟ್ರಂಕಿನ ಮೇಲಿಟ್ಟೆ.

ಮೂರನೆಯ ದಿನ ಬೆಳಿಗ್ಗೆ ಅತ್ತೆ ನನ್ನನ್ನು ಕರೆದರು. ಟ್ರಂಕಿನಿಂದ ನೆಲಕ್ಕೆ, ನೆಲದಿಂದ ಬಾಗಿಲ ಸಂದಿಗೆ ಕೆಂಪಿರುವೆಯ ಸಾಲು ಹಿಡಿದಿತ್ತು. ಕೌದಿ ಎತ್ತಿದರೆ ನಡುವೆ ಇರುವೆಗಳು ಮುತ್ತಿಕೊಂಡಿದ್ದವು.

"ಏನಿಟ್ಟಿ ಇದರಾಗ?"

"ಅಕ್ಕಿ, ಬೆಲ್ಲ."

"ಬೆಲ್ಲ!" ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡರು. "ಕೌದಿಗೆ ಯಾರರ ಬೆಲ್ಲ ಇಡ್ತಾರೇನ? ಇದೇನು ಸೀಮಂತದ ಮಡ್ಲಕ್ಕಿ ಅಂತ ಮಾಡೀಯ? ನಂಗ ಹೊದಿಸಾಕ ಮಾಡೀಯೋ, ಇರುವೆಗೆ ಊಟಕ್ಕೆ ಹಾಕಾಕ ಮಾಡೀಯೋ?"

"ನಿಮಗೆ ಚಳಿ ಆಗ್ತದೆ ಅಂತ ಮುಚ್ಚಿದೆ."

"ಚಳಿ ನಂದು."

ನನಗೂ ತಡೆಯಲಾಗಲಿಲ್ಲ. "ನೇರ ಹೇಳಿಬಿಡಿ ಅತ್ತೆ. ಮಗಳು ಬರಬೇಕು ಅಂತ ಇದ್ರೆ ಬಾ ಅಂತ ಫೋನ್ ಮಾಡಿ. ಬೀರು ತುಂಬಾ ಬಟ್ಟೆ ತುಂಬಿಟ್ರೆ ಅದು ಸೊರಬಕ್ಕೆ ಕೇಳಲ್ಲ."

ಅವರು ಕೌದಿಯನ್ನು ಅಂಗಳಕ್ಕೆ ಒಯ್ದು ಕೊಡವಿದರು. ಬಿಸಿಲಿಗೆ ಹಾಕಿ, ಕೂತು, ಬ್ಲೇಡು ತೆಗೆದರು. ನಾನು ಒಳಗೆ ಹೋಗಲೋ ಬೇಡವೋ ಎಂದು ನಿಂತಿದ್ದಾಗ ತಲೆ ಎತ್ತದೆ ಹೇಳಿದರು:

"ಕರದ್ರ ಬರ್ತಾಳ. ಕರದಾಗ ಬಂದೋಳು ನೆಂಟಳಾಕ್ಕಾಳ. ಅಕಿ ತಾನಾಗೇ ಬರೋಳು."

ಆ ವಾರ ನಾನು ನಾದಿನಿಗೆ ಕೌದಿಯ ಚಿತ್ರ ಕಳಿಸಿದೆ. ಉತ್ತರವಾಗಿ ಹೆಬ್ಬೆರಳಿನ ಚಿತ್ರ ಬಂತು. ಫೋನ್ ಮಾಡಿದೆ.

"ಅತ್ತೆ ಕೌದಿ ಹೊಟ್ಟೆ ತೆಗೆದೇ ಇದೆ ಕಣೆ. ಒಂದು ದಿನ ಬಾ."

"ಹೌದನ್ರಿ? ತಾವೇ ಮುಚ್ಚಿದ್ರಂತೆ, ಬೆಲ್ಲ ಇಟ್ಟು?"

"ಯಾರು ಹೇಳಿದ್ರು?"

"ಅಣ್ಣ. ಫೋನಲ್ಲಿ ನಕ್ಕು ನಕ್ಕು ಹೇಳಿದ."

ಮನೆಯಲ್ಲಿ ಲೆಕ್ಕ ಬರದ ಗಂಡ ಸುದ್ದಿ ರವಾನೆಯಲ್ಲಿ ನನ್ನನ್ನೇ ಮೀರಿಸಿದ್ದರು.

"ನಿನಗೆ ಆ ಮಿಷನ್ ಬೇಕು ತಾನೆ? ಕಳಿಸ್ತೀನಿ."

"ನಮ್ಮನೇಲಿ ಕರೆಂಟ್ ಮಿಷನ್ ಐತಲ್ರಿ ಅತ್ತಿಗೇರೆ."

"ಮತ್ತೆ?"

"ಕರೆಂಟ್ ಮಿಷನ್ ಓಡ್ತದೆ, ಹೊಲಿಯಲ್ಲ. ಇಡ್ಲಾ? ಹಾಲು ಉಕ್ತಾ ಐತೆ."

ಬೇಕೆಂದಳೋ ಬೇಡವೆಂದಳೋ, ಆ ಉತ್ತರದಿಂದ ತೀರ್ಮಾನಿಸುವಂತಿರಲಿಲ್ಲ. ಬೇಕು ಎಂದೇ ತಿಳಿದೆ. ವಸ್ತು ಹೋಯಿತು ಎಂದು ಸಿಟ್ಟಾದವರಿಗೆ ವಸ್ತು ಮರಳಿಸಿದರೆ ಪ್ರಕರಣ ಮುಗಿಯುತ್ತದೆ ಎಂಬುದು ನನ್ನ ತರ್ಕ. ದೀಪಾವಳಿಗೆ ನಾಲ್ಕು ದಿನವಿತ್ತು. ಬಡಗಿಯನ್ನು ಕರೆಸಿ ಪ್ಲೈವುಡ್ ತೆಗೆಸಿದೆ. ಅಟ್ಟದಿಂದ ಮಿಷನ್ನಿನ ತಲೆ ಇಳಿಸಿ ಒರೆಸಿ ಎಣ್ಣೆ ಬಿಟ್ಟು ಕೂರಿಸಿದೆವು. ಹೊಸ ಬೆಲ್ಟು ಹಾಕಿಸಿದೆ. ನನ್ನ ಲ್ಯಾಪ್‌ಟಾಪು ಅಡುಗೆಮನೆಯ ಕಟ್ಟೆಗೆ ಹೋಯಿತು. ಅತ್ತೆ ಎಲ್ಲವನ್ನೂ ಬಾಗಿಲಿಗೆ ಒರಗಿ ನೋಡುತ್ತಿದ್ದರು. ಸರಕಿನ ಆಟೋಗೆ ಮಿಷನ್ ಏರಿಸುವಾಗ ಮಾತ್ರ ಒಂದು ಮಾತು ಹೇಳಿದರು.

"ಎಲ್ಲಿಗೆ?"

"ಸೊರಬಕ್ಕೆ. ನಿಮ್ಮ ಮಗಳಿಗೆ."

ಅವರು ಬರಿದಾದ ಕಿಟಕಿಯ ಕೆಳಗೆ ನೋಡಿದರು. ಆಮೇಲೆ ಒಳಗೆ ಹೋಗಿ, ಮಡಚಿದ ಕೌದಿಯನ್ನು ತಂದು ಮಿಷನ್ನಿನ ಮೇಲೆ ಹೊದಿಸಿದರು. "ಧೂಳು ಹಿಡಿತೈತಿ" ಎಂದರು. ಕೌದಿ ಹೋಗುವುದು ನನ್ನ ಯೋಜನೆಯಲ್ಲಿರಲಿಲ್ಲ.

ಆಟೋ ಚಾಲಕರು ವಯಸ್ಸಾದವರು, ದಾರಿಯುದ್ದಕ್ಕೂ ಮಾತಾಡಿದರು. ಶಿರಾಳಕೊಪ್ಪ ದಾಟುವಷ್ಟರಲ್ಲಿ ಅವರಿಗೆ ನಮ್ಮ ಮನೆಯ ಕತೆ ಪೂರ್ತಿ ತಿಳಿದಿತ್ತು, ನಾನು ಹೇಳಿದ್ದು ಕಡಿಮೆ, ಅವರು ಊಹಿಸಿದ್ದು ಹೆಚ್ಚು. "ಮೇಡಮ್ಮೋರೆ, ಹೋದ ವಸ್ತು ವಾಪಸ್ ಬಂದ್ರೆ ತಂಟೆ ಮುಗೀತದೆ ಅಂತ ನೀವು ತಿಳ್ಕಂಡೀರಿ. ನನ್ನ ಹೆಂಡ್ತಿಗೆ ಒಂದು ಸಲ ಅವಳ ಒರಳು ವಾಪಸ್ ತಂದುಕೊಟ್ಟೆ. ಅದಕ್ಕೂ ಬೈದ್ಲು." ನಾನು ಕಿಟಕಿಯಾಚೆ ನೋಡಿದೆ.

ಸೊರಬದ ಮನೆಯ ಜಗಲಿಯಲ್ಲಿ ನಾದಿನಿ ಯಾರದೋ ಸೀರೆಗೆ ಫಾಲ್ಸ್ ಹೊಲಿಯುತ್ತಾ ಕೂತಿದ್ದಳು. ಆಟೋ ನೋಡಿ ಎದ್ದಳು. ಸೂಜಿಯನ್ನು ಎದೆಯ ಸೆರಗಿಗೆ ಚುಚ್ಚಿಕೊಂಡು ಗೇಟಿನವರೆಗೆ ಬಂದಳು.

"ಇದೇನ್ರಿ ಅತ್ತಿಗೇರೆ, ಮೆರವಣಿಗೆ?"

"ನಿನ್ನ ಮಿಷನ್. ತಗೋ."

"ನಂದು ಅಂತ ಯಾರು ಹೇಳಿದ್ರು?"

"ನೀನೇ. ಮೂರು ವರ್ಷದ ಹಿಂದೆ, ನಮ್ಮ ಬಾಗಿಲಲ್ಲಿ ನಿಂತು."

"ಬರ್ಕಂಡಿದೀರಾ?"

"ಬರ್ಕೊಳ್ಳೋದೇ ನನ್ನ ಕೆಲಸ."

ಅವಳು ಸರಕಿನ ಹಲಗೆ ಹಿಡಿದು ಮಿಷನ್ನನ್ನು ನೋಡಿದಳು. ಚಕ್ರದ ಮೇಲೆ ಬೆರಳಾಡಿಸಿದಳು. ಬೆಲ್ಟ್ ಎಳೆದು ನೋಡಿ "ಹೊಸದು" ಎಂದಳು. ಆಮೇಲೆ ಕೈ ತೆಗೆದಳು.

"ಇದನ್ನ ತಂದು ಇಲ್ಲಿ ಎಲ್ಲಿ ಇಡಲಿ ನಾನು? ದನದ ಕೊಟ್ಟಿಗೇಲಾ? ಮಿಷನ್ ಬೇಕಾಗಿದ್ರೆ ಅವತ್ತೇ ಹೊತ್ಕಂಡು ಬರ್ತಿದ್ದೆ ಅತ್ತಿಗೆ. ತವರಲ್ಲಿ ನಂಗೆ ಅಂತ ಇದ್ದದ್ದು ಆ ಕಿಟಕಿ ಕೆಳಗಿನ ಒಂದು ಸ್ಟೂಲು. ಬಂದ್ರೆ ಅಲ್ಲಿ ಕೂರ್ತಿದ್ದೆ. ನೆಂಟರ ಥರ ಸೋಫಾ ಮೇಲೆ ಕೂತು ಚಹಾ ಕುಡಿದು ಬರಕೆ ನಂಗೆ ಆಗಲ್ಲ."

ಅವಳು ತಾವು, ಅತ್ತಿಗೇರೆ ಎಂಬುದನ್ನು ಬಿಟ್ಟು ಮಾತಾಡಿದ್ದು ಮೂರು ವರ್ಷದಲ್ಲಿ ಅದೇ ಮೊದಲು. ಮುಂಚೆಯೇ ಹೇಳಬಹುದಿತ್ತಲ್ಲ ಎಂದು ನಾನು ಕೇಳಿದೆ. "ನೀವು ಕೇಳಿದ್ರಾ?" ಎಂದಳು. ಊರವರನ್ನೆಲ್ಲ ಪ್ರಶ್ನೆ ಕೇಳಿ ಬದುಕುವವಳು ಮನೆಯವಳನ್ನು ಕೇಳಿರಲಿಲ್ಲ.

"ಸರಿ. ಮಿಷನ್ ಕಿಟಕಿ ಕೆಳಗೇ ಇರ್ತದೆ. ಹಲಗೆ ತೆಗೆದು ಆಯ್ತು."

"ನೀವು ಬರಿಯೋದು ಎಲ್ಲಿ?"

"ಅಡುಗೆ ಕಟ್ಟೆ ಮೇಲೆ."

ಅವಳು ಮೊದಲ ಸಲ ನಕ್ಕಳು. ಆಮೇಲೆ ಕೌದಿಯ ಒಂದು ತುದಿ ಎತ್ತಿ, ನಡುವಿಗೆ ಹೋಗಿ, ಹೊಟ್ಟೆಯ ಅಂಚಿನಲ್ಲಿ ಬೆರಳಿಟ್ಟಳು. ಅತ್ತೆ ಬಿಚ್ಚುವಾಗ ನನ್ನದೊಂದು ಸುತ್ತು ಉಳಿದುಬಿಟ್ಟಿತ್ತು.

"ಇದು ನಿಮ್ಮದು."

"ಹೇಗೆ ಗೊತ್ತಾಯ್ತು? ಅಳತೆ ಒಂದೇ ಇದೆಯಲ್ಲ."

"ಅವ್ವನ ಹೊಲಿಗೆ ಸೊಟ್ಟ ಇರ್ತದೆ."

ಅದೇ ಬೆರಳಿನಲ್ಲಿ ಒಂದು ಇರುವೆಯನ್ನು ತೆಗೆದು ಗೇಟಿನ ಮೇಲೆ ಬಿಟ್ಟಳು. ಇರುವೆ ಸೊರಬದವರೆಗೂ ಪ್ರಯಾಣ ಮಾಡಿತ್ತು.

"ಮಿಷನ್ ಹಿಂದಕ್ಕೆ ಹೋಗೋವಾಗ ಯಾರಾದ್ರೂ ನಿಗಾ ಇಡಬೇಕು. ತಿರುವಿನಲ್ಲಿ ಬೀಳ್ತದೆ" ಎಂದಳು. ಬರುವಾಗ ಅದು ಎಲ್ಲಿಯೂ ಬಿದ್ದಿರಲಿಲ್ಲ ಎಂದು ನಾನು ಹೇಳಲಿಲ್ಲ. ಸೀರೆ ಮಡಚಿಟ್ಟು, ಪಕ್ಕದ ಮನೆಗೆ ಕೀಲಿ ಕೊಟ್ಟು, ಗಂಡನಿಗೆ ಫೋನ್ ಮಾಡಿ ಅನ್ನ ಮಾಡಿಕೊಳ್ಳಲು ಹೇಳಿ, ಚೀಲ ಹಿಡಿದು ಬಂದು ಚಾಲಕರ ಪಕ್ಕ ಕೂತಳು. ಮುಂದೆ ಒಬ್ಬರಿಗಷ್ಟೇ ಜಾಗವಿತ್ತು. ಹೀಗೆ, ಆಟೋ ಕರೆಸಿದ ನಾನು ಬಸ್ಸಿಗೆ ನಡೆದೆ.

ಶಿರಾಳಕೊಪ್ಪದಲ್ಲಿ ಶಿಕಾರಿಪುರದ ಬಸ್ಸು ಮುಕ್ಕಾಲು ಗಂಟೆ ಬರಲಿಲ್ಲ. ಮೂರು ವರ್ಷದ ಮೇಲೆ ಮಗಳು ಆ ಹೊಸ್ತಿಲು ದಾಟಿದಾಗ ನಾನು ನಿಲ್ದಾಣದಲ್ಲಿ ನಿಂತು ಕಡಲೆಕಾಯಿ ಸುಲಿಯುತ್ತಿದ್ದೆ. ಇಷ್ಟು ದಿನ ಹೆಣಗಾಡಿದ ಸುದ್ದಿ ನನ್ನ ಗೈರುಹಾಜರಿಯಲ್ಲಿ ನಡೆದುಹೋಯಿತು. ಇದ್ದ ಒಬ್ಬರೇ ಪ್ರತ್ಯಕ್ಷದರ್ಶಿ ನನ್ನ ಗಂಡ.

"ಏನಾಯ್ತು? ಅತ್ತೆ ಏನಂದ್ರು?"

"ಏನಿಲ್ಲ. ಬಂದ್ಲು. ನೀರು ಕೇಳಿದ್ಲು."

"ಅಷ್ಟೇನಾ?"

"ನೀರು ಕೊಟ್ರು."

ಒಳಗೆ ಹೋದರೆ ಅವ್ವ ಮಗಳು ಒಲೆಯ ಮುಂದೆ ಜಗಳವಾಡುತ್ತಿದ್ದರು. ಕೌದಿಯ ಹೊಟ್ಟೆಗೆ ಇಡುವ ರೊಟ್ಟಿ ಮೆತ್ತಗಿರಬೇಕೋ ಗರಿಗರಿ ಇರಬೇಕೋ ಎಂಬುದು ವಿಷಯ.

"ಮೆತ್ತಗಿದ್ರ ಬೂಷ್ಟು ಬರ್ತೈತವ್ವ."

"ಗರಿಗರಿ ಇದ್ರ ನನ್ನ ಬೆನ್ನಿಗೆ ಚುಚ್ಚತೈತಿ."

"ಒಂದು ಚೂರು ರೊಟ್ಟಿ ನಿನ್ನ ಬೆನ್ನಿಗೆ ಚುಚ್ಚತೈತಾ? ನೀ ಏನು ರಾಜಕುಮಾರಿ?"

"ಹೌದು. ನಿಮ್ಮಪ್ಪ ಹಂಗ ಕರೀತಿದ್ರು."

"ಯಾವಾಗ?"

"ಸಿಟ್ಟು ಬಂದಾಗ."

ಕೊನೆಗೆ ಗರಿಗರಿ ರೊಟ್ಟಿಯ ಉಗುರಗಲದ ಚೂರು ಎಂದು ತೀರ್ಮಾನವಾಯಿತು. ನಾದಿನಿ ಕಿಟಕಿಯ ಕೆಳಗೆ ಸ್ಟೂಲಿನ ಮೇಲೆ ಕೂತು, ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು ರೊಟ್ಟಿ ಇಟ್ಟಳು. ಹೊಟ್ಟೆಗೆ ಮಿಷನ್ ತಾಕಿಸುವಂತಿಲ್ಲ, ಕೈಹೊಲಿಗೆಯೇ ಆಗಬೇಕು. ಆದರೂ ಅವಳು ಮಿಷನ್ನಿನ ಮುಂದೆಯೇ ಕೂತು, ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಹೊಲಿದಳು. ಅತ್ತೆ ಎದುರು ನೆಲದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದರು. ಮಗಳ ಕಣ್ಣಿಗೆ ಕನ್ನಡಕ ಬಂದಿತ್ತು, ಅತ್ತೆಯ ಕಣ್ಣಿಗೆ ಬಂದಿರಲಿಲ್ಲ. ಅತ್ತೆಯ ಬ್ಲೇಡಿಗೆ ತಪ್ಪಿ ಉಳಿದಿದ್ದ ನನ್ನ ಒಂದು ಸುತ್ತನ್ನು ನಾದಿನಿ ಬಿಚ್ಚಲಿಲ್ಲ, ಅದರ ಮೇಲೆಯೇ ಹೊಲಿದುಕೊಂಡು ಹೋದಳು. ಗಮನಿಸಿಯೇ ಬಿಟ್ಟಳೋ, ಅವಸರಕ್ಕೋ, ನಾನು ಕೇಳಲಿಲ್ಲ. ಅಂದು ಅತ್ತೆ ಕೌದಿ ಹೊದ್ದು ಕಾಲು ಉದ್ದ ಬಿಟ್ಟು ಮಲಗಿದರು. ಬೆಳಿಗ್ಗೆ ಬೆನ್ನಿಗೆ ಚುಚ್ಚಿತು ಎಂದು ದೂರಿದರು.

ಎರಡು ದಿನದಲ್ಲಿ ಹನ್ನೊಂದೂ ಮುಗಿದವು. ಮಿಷನ್ನಿನ ಸದ್ದಿಗೆ ನನಗೆ ಎರಡು ದಿನ ಒಂದು ವಾಕ್ಯ ನೆಟ್ಟಗೆ ಬರೆಯಲಾಗಲಿಲ್ಲ. ಕಾಜಾ ಮಾಡುತ್ತಾ ನಾದಿನಿ ನನಗೂ ಹೇಳಿಕೊಟ್ಟಳು. ಹೇಳಿಕೊಡುವುದಕ್ಕಿಂತ ಆಡಿಕೊಂಡದ್ದೇ ಹೆಚ್ಚು. ಕೊನೆಗೆ ಉಳಿದದ್ದು ಸ್ವೆಟರಿನ ಬಲದ ತೋಳು. ಹೊರಡುವ ದಿನ ಬೆಳಿಗ್ಗೆ ಅದನ್ನು ಹೆಣೆದು, ಜೋಡಿಸಿ, ದಾರದ ತುದಿ ಒಳಗೆ ಸೇರಿಸಿ, ಅಣ್ಣನಿಗೆ ತೊಡಿಸಿ ನೋಡಿದಳು. ಎರಡು ತೋಳೂ ಒಂದೇ ಅಳತೆ. ಹಬ್ಬಕ್ಕೆ ಅವಳ ಮನೆಯಲ್ಲಿ ಅವಳು ಬೇಕಿತ್ತು, ಮಧ್ಯಾಹ್ನದ ಬಸ್ಸಿಗೆ ಹೋದಳು. ನಾನು ಬೀರುವಿನ ಕೆಳಗಿನ ಅರೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಗಡುವಿಗೆ ಒಂದು ದಿನ ಮೊದಲೇ ಅದು ಖಾಲಿಯಾಗಿತ್ತು. ಬಾಗಿಲು ತೆಗೆದು ಎರಡು ಸಲ ನೋಡಿದೆ.

ದೀಪಾವಳಿಯ ಮರುದಿನ ಬೆಳಿಗ್ಗೆ ಚಹಾ ಹಿಡಿದು ಪಡಸಾಲೆಗೆ ಬಂದರೆ ಅತ್ತೆ ಕಾಲು ಚಾಚಿ ಕೂತಿದ್ದರು. ಮಡಿಲಲ್ಲಿ ಬೂದು ಸ್ವೆಟರು. ಬಲದ ತೋಳಿನ ಕೊನೆಯ ಗಂಟು ಬಿಚ್ಚಿ ದಾರ ಎಳೆಯುತ್ತಿದ್ದರು. ತೋಳು ಅದಾಗಲೇ ಮೊಣಕೈವರೆಗೆ ಕರಗಿತ್ತು, ಪಕ್ಕದಲ್ಲಿ ಉಣ್ಣೆಯ ಉಂಡೆ ಬೆಳೆಯುತ್ತಿತ್ತು. ನನ್ನ ಗಂಡ ಬನಿಯನ್ನಿನಲ್ಲಿ, ಎರಡೂ ಕೈ ಕಂಕುಳಲ್ಲಿಟ್ಟುಕೊಂಡು, ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅತ್ತೆ, ಅದು ನಾನು ಮಾಡಿದ್ದಲ್ಲ. ನಿಮ್ಮ ಮಗಳೇ ಮುಗಿಸಿದ್ದು."

"ಗೊತ್ತೈತಿ."

"ಮತ್ತೆ?"

"ಸ್ವಲ್ಪ ಬಿಗಿ ಆಗೇತಿ."

ನಾನು ಗಂಡನ ಕಡೆ ನೋಡಿದೆ. "ಬಿಗಿ ಇತ್ತೇನ್ರಿ?"

ಅವರು ಅವ್ವನನ್ನು ನೋಡಿದರು, ನನ್ನನ್ನು ನೋಡಿದರು. "ಒಂಚೂರು" ಎಂದರು.

ಅತ್ತೆ ಕುಣಿಕೆಗಳನ್ನು ಕಡ್ಡಿಗೆ ಏರಿಸಿ, ಮಡಚಿ, ಬೀರುವಿನ ಕೆಳಗಿನ ಅರೆಯಲ್ಲಿ ಸರಿಯಾಗಿ ನಡುವೆ ಇಟ್ಟರು. ಬಾಗಿಲು ಹಾಕಿ ನನ್ನ ಕೈಯಿಂದ ಚಹಾ ತೆಗೆದುಕೊಂಡರು.

"ಅಕಿಗೆ ಒಂದು ಫೋನ್ ಮಾಡು. ಕರೀಬ್ಯಾಡ. ತೋಳು ಬಿಗಿ ಆಗೇತಿ ಅಂತ ಅಷ್ಟ ಹೇಳು."

ಚಹಾ ನನಗೆ ಮಾಡಿಕೊಂಡದ್ದು. ನಾನು ಇನ್ನೊಂದು ಲೋಟಕ್ಕೆ ನೀರಿಟ್ಟು, ಅಡುಗೆ ಕಟ್ಟೆಯ ಮೇಲೆ ಲ್ಯಾಪ್‌ಟಾಪು ಪಕ್ಕಕ್ಕೆ ಸರಿಸಿ, ಫೋನ್ ಮಾಡಿದೆ.